ಒಪ್ಪಿಗೆ ಪತ್ರದ ಮೂರು ಸಾಲು

ಮಲ್ಲಂದೂರು
೨೬ ಮಾರ್ಚ್ ೨೦೦೩, ಬುಧವಾರ

ಪ್ರೀತಿಯ ಕಲ್ಲಮ್ಮಕ್ಕನಿಗೆ, ಮೇಲಿನ ಮನೆ ರುದ್ರಾಣಿಯ ಶರಣು.

ಈ ಕಾಗದವನ್ನು ನೀವೇ ಓದಬೇಕು. ಜಾವಳಿಯಲ್ಲಿ ನಿಮ್ಮ ತಂಗಿ ಭಾಗಮ್ಮನ ಮನೆಯಲ್ಲಿ ಓದು ಬಲ್ಲವರು ಇದ್ದೇ ಇರುತ್ತಾರೆ. ಅವರ ಕೈಗೆ ಕೊಡಬೇಡಿ. ನಿಮಗೆ ಅನುಕೂಲವಾಗಲಿ ಎಂದು ದಪ್ಪ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಮಕ್ಕಳ ತಲೆ ತಿಂದವಳು ನಾನು, ಚಿಕ್ಕದಾಗಿ ಹೇಳಿ ಮುಗಿಸುವ ಅಭ್ಯಾಸವಿಲ್ಲ. ನಿಮಗೂ ಒಂದೇ ದಿನದಲ್ಲಿ ಮುಗಿಸುವ ಅವಸರ ಬೇಡ. ದಿನಕ್ಕೊಂದು ಹಾಳೆ ಓದಿದರೂ ಏಪ್ರಿಲ್ ಹತ್ತರೊಳಗೆ ಮುಗಿಯುತ್ತದೆ. ಏಪ್ರಿಲ್ ಹತ್ತೇ ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಭಾಗಮ್ಮನ ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದರೂ ಸ್ವಲ್ಪ ದಿನ ಅವರನ್ನು ಬಾವಿಕಟ್ಟೆಯ ಕಡೆ ಬಿಡಬೇಡಿ. ನಿಮ್ಮ ಮನೆಯ ಬೀಗ ದಿನವೂ ನೋಡಿ ಬರುತ್ತಿದ್ದೇನೆ. ನಿಮ್ಮ ಬೆಕ್ಕು ನಮ್ಮಲ್ಲೇ ಉಂಡು ನಮ್ಮವರ ಮಂಚದ ಕೆಳಗೆ ಮಲಗುತ್ತಿದೆ. ನಮ್ಮವರು ಹಾಗೇ ಇದ್ದಾರೆ. ಎಡಗೈ ಮೊದಲಿಗಿಂತ ಸ್ವಲ್ಪ ಮೇಲೆ ಎತ್ತುತ್ತಾರೆ. ಮಾತು ಬಂದಿಲ್ಲ.

ಕ್ಷೇಮ ಸಮಾಚಾರ ಇಷ್ಟೇ. ಇನ್ನೂ ಎಳೆಯಬಹುದು, ಬೆಕ್ಕಿನ ಬಗ್ಗೆಯೇ ಒಂದು ಹಾಳೆ ಬರೆಯಬಹುದು. ಆದರೆ ಬರೆಯಲು ಕೂತದ್ದು ಅದಕ್ಕಲ್ಲ. ಕಲ್ಲಮ್ಮಕ್ಕ, ನಾನು ನಿಮಗೆ ಮೋಸ ಮಾಡಿದ್ದೇನೆ.

ಶಿವರಾತ್ರಿ ಕಳೆದ ಮೂರನೇ ದಿನ ನಾನೊಂದು ಕಾಗದ ಹಿಡಿದುಕೊಂಡು ನಿಮ್ಮ ಅಂಗಳಕ್ಕೆ ಇಳಿದು ಬಂದಿದ್ದೆ, ನೆನಪಿದೆಯಲ್ಲ. ಅದು ನಮ್ಮ ಮನೆಯ ಹಿಂದೆ ಡೆಕ್ ಎಂಬ ಹಲಗೆ ಜಗಲಿ ಕಟ್ಟುವುದಕ್ಕೆ ನಿಮ್ಮ ಒಪ್ಪಿಗೆ ಪತ್ರ. ಅದರಲ್ಲಿ ಒಂಬತ್ತು ಸಾಲು ಇತ್ತು. ನಾನು ನಿಮಗೆ ಓದಿ ಹೇಳಿದ್ದು ಆರು.

ಮೊದಲಿನಿಂದ ಹೇಳುತ್ತೇನೆ. ನಮ್ಮವರಿಗೆ ಲಕ್ವ ಹೊಡೆದು ಸಂಕ್ರಾಂತಿಗೆ ಎರಡು ವರ್ಷವಾಯಿತು. ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಮನುಷ್ಯ. ಬೆಳಿಗ್ಗೆ ಆಳುಗಳ ಹಾಜರಿ ಮುಗಿಸಿ ಹೊರಟರೆ ಊಟದ ಹೊತ್ತಿನವರೆಗೂ ತೋಟದಲ್ಲೇ ತಿರುಗಾಟ. ಮದುವೆಯಾದ ಮೇಲೆ ಅವರು ಮನೆಯೊಳಗೆ ಸುಮ್ಮನೆ ಕೂತದ್ದನ್ನು ನಾನು ಹೆಚ್ಚು ನೋಡಿದವಳಲ್ಲ. ಈಗ ಅವರ ಮಂಚದಿಂದ ಕಾಣುವುದು ಒಂದೇ ಕಿಟಕಿ, ಅದರಾಚೆ ನೀರಿನ ಟ್ಯಾಂಕಿನ ಗೋಡೆ. ಹೊರಗೆ ಕರೆದೊಯ್ಯೋಣವೆಂದರೆ ನಮ್ಮ ಬಾಗಿಲಿನಿಂದ ರಸ್ತೆಗೆ ಹನ್ನೊಂದು ಮೆಟ್ಟಿಲು ಹತ್ತಬೇಕು. ಒಮ್ಮೆ ಇಬ್ಬರು ಆಳುಗಳು ಕುರ್ಚಿ ಸಮೇತ ಎತ್ತಿಕೊಂಡು ಹೋದಾಗ ಅವರು ರಸ್ತೆ ಮುಟ್ಟುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದರು. ತಮ್ಮ ಕೈಕೆಳಗೆ ದುಡಿದವರ ಹೆಗಲ ಮೇಲೆ ಹೋಗುವುದು ಅವರಿಗೆ ಸಾಯುವಷ್ಟು ನಾಚಿಕೆ. ಆಮೇಲೆ ನಾನು ಆ ಸಾಹಸಕ್ಕೆ ಹೋಗಲಿಲ್ಲ.

ಡೆಕ್ಕಿನ ಯೋಚನೆ ಮಗಳು ಸುಪ್ರಿಯಾಳದು. ದಾವಣಗೆರೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ದಿನವೂ ಇಂಥವರನ್ನೇ ನೋಡುತ್ತಾಳಲ್ಲ, ಅಪ್ಪನನ್ನು ಗೋಡೆ ನೋಡಿಸುತ್ತಾ ಮಲಗಿಸಬಾರದು ಎಂದು ಹಟ ಹಿಡಿದಳು. ಕೋಣೆಯ ಹಿಂದಿನ ಗೋಡೆ ಒಡೆದು ಬಾಗಿಲು ಇಡುವುದು, ಅದೇ ಮಟ್ಟಕ್ಕೆ ಕಬ್ಬಿಣದ ಕಂಬಗಳ ಮೇಲೆ ಮರದ ಹಲಗೆ ಹಾಸಿ ಒಂದು ಜಗಲಿ ಮಾಡುವುದು, ಮೇಲೆ ಶೀಟು ಹೊದೆಸುವುದು. ಗಾಲಿಕುರ್ಚಿ ತಳ್ಳಿಕೊಂಡು ಮೆಟ್ಟಿಲಿನ ಹಂಗಿಲ್ಲದೆ ಹೊರಗೆ ಹೋಗಬಹುದು. ಕೂತಲ್ಲಿಂದಲೇ ಅವರು ತಿರುಗಾಡಿದ ತೋಟವೆಲ್ಲ ಕಾಣುತ್ತದೆ. ಕೇಳಿದಾಗ ನನಗೂ ಅಳು ಬಂತು. ಇದರಲ್ಲಿ ಕೆಟ್ಟದ್ದು ಏನಿದೆ ಹೇಳಿ?

ಜಗಲಿ ತಾನೇ, ಮೇಸ್ತ್ರಿಗೆ ಹೇಳಿದರೆ ವಾರದಲ್ಲಿ ಆಗುತ್ತದೆ ಎಂದುಕೊಂಡಿದ್ದೆ. ಬಿಲ್ ಕಲೆಕ್ಟರ್ ಬೊಮ್ಮಯ್ಯ ಕಂದಾಯಕ್ಕೆ ಬಂದವನು ಕೇಳಿ ನಕ್ಕ. ಪರ್ಮಿಷನ್ ಇಲ್ಲದೆ ಒಂದು ಕಂಬ ನೆಟ್ಟರೂ ಪಂಚಾಯಿತಿಯಿಂದ ನೋಟಿಸ್ ಬರುತ್ತದೆ ಎಂದ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಓಡಾಟ. ಖಾತೆ ನಕಲು, ಕಂದಾಯದ ರಸೀದಿ, ಎಂಜಿನಿಯರ್ ಬರೆದ ನಕ್ಷೆ, ಅದರ ನಾಲ್ಕು ಪ್ರತಿ, ಹಲಗೆ ಕೊಂಡ ಡಿಪೋದ ಚೀಟಿ. ಚಿಕ್ಕಮಗಳೂರಿಗೆ ಐದು ಸಲ ಬಸ್ಸಿನಲ್ಲಿ ಹೋಗಿ ಬಂದೆ. ಆ ಐದೂ ದಿನ ನಮ್ಮವರಿಗೆ ಗಂಜಿ ಕುಡಿಸಿದವರು ನೀವು. ಎಂಜಿನಿಯರ್ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ನಿಮ್ಮ ಅಂಗಳದ ಮೇಲೆ ಎಷ್ಟು ಅಡಿ ಚಾಚಬಹುದೆಂದು ನಾನು ಮಾತಾಡುತ್ತಿದ್ದೆ, ನೀವು ಇಲ್ಲಿ ನನ್ನ ಗಂಡನ ಬಾಯಿ ಒರೆಸುತ್ತಿದ್ದಿರಿ.

ಎಲ್ಲ ಕೂಡಿಸಿ ಕೊಟ್ಟ ಮೇಲೆ ಬೊಮ್ಮಯ್ಯ ಚೆಕ್ಕುಬಂದಿ ಓದಿದ. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಟ್ಯಾಂಕು, ದಕ್ಷಿಣಕ್ಕೆ ಹಳ್ಳ, ಪಶ್ಚಿಮಕ್ಕೆ ಕಲ್ಲಮ್ಮನವರ ಮನೆ ಮತ್ತು ಅಂಗಳ. ಪೆನ್ನು ಅಲ್ಲಿಯೇ ನಿಂತಿತು. ‘ಕೆಳಗ್ನೋರ ಅಂಗಳದ ಮೇಲೆ ಮೂರಡಿ ಬರ್ತದಲ್ಲ ಟೀಚರೇ. ಅವ್ರ ಒಪ್ಗೆ ಪತ್ರ ಇಲ್ದೆ ಇದು ಮುಂದಕ್ಕೆ ಹೋಗಲ್ಲ’ ಎಂದ. ಹೇಗೆ ಬರೆಯಬೇಕೆಂದು ಒಂದು ಮಾದರಿಯನ್ನೂ ಕೊಟ್ಟ. ಕಲ್ಲಮ್ಮಕ್ಕನ ಒಪ್ಪಿಗೆ ತಾನೇ, ಅದೇನು ಮಹಾ ಎಂದು ನಾನು ಅಂದೆ. ಹಾಗೆ ಅಂದದ್ದು ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ದಿನ ನೀವು ಸಂಡಿಗೆ ಹಿಟ್ಟು ಕಲಸುತ್ತಿದ್ದಿರಿ. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದಿರಿ. ಕಾಗದವನ್ನು ನಿಮ್ಮ ಕೈಗೆ ಕೊಡಲು ಹೋದೆ. ನಿಜ ಹೇಳುತ್ತೇನೆ, ಕೊಡಲು ಹೋದೆ. ನೀವು ತೆಗೆದುಕೊಳ್ಳಲಿಲ್ಲ. ‘ನೀವು ಓದಿದ್ ಮೇಲೆ ನಾನೇನು ಓದೋದು ಟೀಚರೇ, ಹೇಳಿ ಸಾಕು’ ಎಂದಿರಿ. ನಾನು ಓದಿದೆ. ಮೇಲಿನ ಮನೆಯವರು ಕಾಯಿಲೆಯ ಮನುಷ್ಯನ ಅನುಕೂಲಕ್ಕಾಗಿ ತಮ್ಮ ಮನೆಗೆ ಡೆಕ್ ಕಟ್ಟಿಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇದೆ ಎಂಬಲ್ಲಿಯವರೆಗೆ ಓದಿ, ಒಮ್ಮೆಲೇ ಕೊನೆಯ ಸಾಲಿಗೆ, ತಾರೀಕು ಮತ್ತು ಸಹಿ ಎಂಬಲ್ಲಿಗೆ ಬಂದುಬಿಟ್ಟೆ. ಅವಸರವಿತ್ತು, ಪಂಚಾಯಿತಿ ಮುಚ್ಚುವ ಹೊತ್ತಾಗುತ್ತಿತ್ತು, ಬಾಯಿ ನಡುವಿನದನ್ನು ದಾಟಿಬಿಟ್ಟಿತು.

ನಡುವೆ ಇದ್ದದ್ದು ಇದು. ಸದರಿ ಡೆಕ್ ನನ್ನ ಅಂಗಳದ ಮೇಲೆ ಮೂರು ಅಡಿ ಚಾಚುವುದಕ್ಕೂ, ಅದರಿಂದ ನನ್ನ ಅಂಗಳದ ಬಿಸಿಲಿಗೂ ಗಾಳಿಗೂ ಆಗುವ ಅಡಚಣೆಗೂ ನನ್ನ ತಕರಾರು ಇರುವುದಿಲ್ಲ. ಮುಂದೆ ಯಾವ ಕಾಲಕ್ಕೂ ನಾನಾಗಲಿ ನನ್ನ ವಾರಸುದಾರರಾಗಲಿ ತಕರಾರು ಮಾಡುವುದಿಲ್ಲ.

ನೀವು ಸುಮ್ಮನೆ ಸಹಿ ಹಾಕಲಿಲ್ಲ. ಹಾಕುವ ಮೊದಲು ಕೇಳಿದಿರಿ, ‘ನನ್ನ ಅಂಗಳಕ್ಕೇನೂ ಆಗಲ್ವಲ್ಲ ಟೀಚರೇ?’ ಎಂದು. ಅದಕ್ಕೆ ನಾನು ಕೊಟ್ಟ ಉತ್ತರ, ಕಟ್ಟುವುದು ನಮ್ಮ ಮನೆಗೆ ಕಲ್ಲಮ್ಮಕ್ಕ ಎಂದು. ಅದು ಸುಳ್ಳಲ್ಲ. ಸುಳ್ಳಲ್ಲದ ಹಾಗೆ ಸುಳ್ಳು ಹೇಳುವುದು ನನಗೆ ಇಷ್ಟು ಚೆನ್ನಾಗಿ ಬರುತ್ತದೆಂದು ಅರವತ್ತು ವರ್ಷ ನನಗೇ ಗೊತ್ತಿರಲಿಲ್ಲ.

ಆಮೇಲೆ ನೀವು ಹಪ್ಪಳದ ಮಣೆಯ ಮೇಲೆ ಕಾಗದ ಇಟ್ಟು ಸಹಿ ಮಾಡಿದಿರಿ. ಆ ಸಹಿ ನಿಮಗೆ ಕಲಿಸಿದವಳು ಯಾರು? ತೊಂಬತ್ತಮೂರರಲ್ಲಿ ಶಾಲೆಯ ಜಗಲಿಯಲ್ಲಿ ಸಾಕ್ಷರತಾ ತರಗತಿ ನಡೆಸಿದಾಗ ನೀವು ಬಂದ ಕಾರಣವೇ ಬೇರೆ. ಉಳಿದವರು ಬಸ್ಸಿನ ಬೋರ್ಡು ಓದಬೇಕೆಂದು ಬಂದರು. ನೀವು ಬಂದದ್ದು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ ಮಸಿ ಎಷ್ಟು ತೊಳೆದರೂ ಹೋಗದೆ ಹಪ್ಪಳದ ಹಿಟ್ಟಿಗೆ ಹತ್ತುತ್ತದೆ ಎಂದು. ನಿಮ್ಮ ಹೆಸರಿನಲ್ಲಿ ಎರಡೆರಡು ಒತ್ತಕ್ಷರ ಬಂದದ್ದಕ್ಕೆ ತೀರಿಹೋದ ಅಪ್ಪನನ್ನು ಬೈದುಕೊಂಡು ಬರೆದಿರಿ, ಮೂರು ತಿಂಗಳು. ಮೊದಲ ಸಲ ರೇಷನ್ ಪುಸ್ತಕದಲ್ಲಿ ಸಹಿ ಹಾಕಿದ ದಿನ ಒಂದು ಕಟ್ಟು ಹಲಸಿನ ಹಪ್ಪಳ ತಂದು ಕೊಟ್ಟು ಇದು ನನ್ನ ಫೀಸು ಎಂದಿರಿ. ಆ ಹಪ್ಪಳವನ್ನು ನಾನು ತಿಂದೆ. ಅದೇ ಸಹಿಯನ್ನು ಈಗ ಹೀಗೆ ಬಳಸಿಕೊಂಡೆ.

ನೀವು ಭಾಗಮ್ಮನನ್ನು ನೋಡಿಕೊಳ್ಳಲು ಜಾವಳಿ ಬಸ್ಸು ಹತ್ತಿದ ಮರುದಿನ ಪಂಚಾಯಿತಿ ಬೋರ್ಡಿಗೆ ನೋಟಿಸ್ ಅಂಟಿಸಿದರು. ತಕರಾರು ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕು, ಕೊನೆಯ ದಿನ ಏಪ್ರಿಲ್ ಹತ್ತು. ತಕರಾರು ಇರಬಹುದಾದ ಒಬ್ಬರೇ ಒಬ್ಬರು ಊರಲ್ಲಿಲ್ಲ ಎಂದು ನನಗೆ ಆಗ ನಿರಾಳವಾಯಿತು. ನಿರಾಳ ಎನ್ನುವ ಪದವನ್ನೇ ಬರೆಯುತ್ತೇನೆ, ಅದಕ್ಕೆ ಬೇರೆ ಹೆಸರಿಲ್ಲ.

ಮೊನ್ನೆ ಭಾನುವಾರದ ತನಕವೂ ಹಾಗೇ ಇದ್ದೆ. ಹೋಗುವಾಗ ನೀವು, ಡಬ್ಬದ ಹಪ್ಪಳಕ್ಕೆ ಒಂದು ಬಿಸಿಲು ಕಾಣಿಸಿ ಟೀಚರೇ ಎಂದಿದ್ದಿರಲ್ಲ. ಬೆಳಿಗ್ಗೆ ಚಾಪೆ ಹಾಸಿ ಹರಡಿ, ಕಾಗೆ ಓಡಿಸಲು ಒಂದು ಕೋಲು ಹಿಡಿದು ನಿಮ್ಮ ಮೆಟ್ಟಿಲ ಮೇಲೆ ಕೂತೆ. ನಿಮ್ಮ ಅಂಗಳಕ್ಕೆ ಬಿಸಿಲು ಬರುವುದೇ ಒಂಬತ್ತೂವರೆಗೆ. ಮಧ್ಯಾಹ್ನ ಎರಡಕ್ಕೆ ಹಲಸಿನ ಮರದ ನೆರಳು ಬಂದು ಎಲ್ಲ ಮುಗಿಯಿತು. ಹಪ್ಪಳ ಸಂಡಿಗೆ ಮಾರಿ ಜೀವನ ಮಾಡುವ ನೀವು ವರ್ಷದ ಬದುಕನ್ನೆಲ್ಲ ಆ ನಾಲ್ಕೂವರೆ ಗಂಟೆಯಲ್ಲಿ ಒಣಗಿಸುತ್ತೀರೆಂದು ಪಕ್ಕದಲ್ಲೇ ಇದ್ದೂ ನಾನು ಲೆಕ್ಕ ಹಾಕಿರಲಿಲ್ಲ. ಹಿಂದಿನ ದಿನ ಮೇಸ್ತ್ರಿ ಬಂದು ಡೆಕ್ಕಿನ ಅಂಚು ಎಲ್ಲಿಗೆ ಬರುತ್ತದೆಂದು ಎರಡು ಗಳ ನೆಟ್ಟು, ಶೀಟಿನ ಎತ್ತರಕ್ಕೆ ಹಗ್ಗ ಕಟ್ಟಿ ಹೋಗಿದ್ದ. ಆ ಹಗ್ಗದ ನೆರಳು ಚಾಪೆಯ ಆಚೆ ಅಂಚಿನಲ್ಲಿ ಬಿದ್ದಿತ್ತು. ಹಗ್ಗದಿಂದ ನಮ್ಮ ಗೋಡೆಯವರೆಗೆ ಶೀಟು ಬಂದರೆ ಚಾಪೆ ಪೂರ್ತಿ ನೆರಳಿನಲ್ಲಿ. ಹನ್ನೊಂದಕ್ಕೆ ನೋಡಿದೆ, ಹನ್ನೆರಡಕ್ಕೆ ನೋಡಿದೆ. ಆ ಗೆರೆ ಹಿಂದೆ ಸರಿದು ಪೂರ್ತಿ ಅಂಗಳ ಬಿಸಿಲಿಗೆ ಬಿಡುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ನಿಮಗೆ ಉಳಿಯುವುದು ಒಂದು ಗಂಟೆಯ ಬಿಸಿಲು. ಒಂದು ಗಂಟೆಯಲ್ಲಿ ಹಲಸಿನ ಹಪ್ಪಳ ಒಣಗುವುದಿಲ್ಲ, ಬೂಸಲು ಬರುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅರ್ಜಿ ನೀವೇ ವಾಪಸ್ ತೆಗೆದುಕೊಳ್ಳಿ ಎಂದು ನೀವು ಹೇಳಬಹುದು. ಮನೆಯ ಖಾತೆ ಈಗ ಸುಪ್ರಿಯಾಳ ಹೆಸರಿನಲ್ಲಿದೆ, ಅರ್ಜಿಯೂ ಅವಳದೇ. ಅವಳಿಗೆ ಹೇಳಬೇಕಾದರೆ ಸಹಿ ಹೇಗೆ ಬಂತೆಂದು ಹೇಳಬೇಕು. ನನ್ನಿಂದ ಆಗುತ್ತಿಲ್ಲ. ಸುಳ್ಳು ಹೇಳಿದ್ದಕ್ಕೆ ನಾನು ಅವಳಿಗೆ ಬರೆ ಹಾಕಿದವಳು, ಮೊಣಕಾಲಿನ ಮೇಲೆ ಇನ್ನೂ ಗುರುತಿದೆ.

ಅದಕ್ಕೇ ಒಂದು ದಾರಿ ಹುಡುಕಿದ್ದೇನೆ. ಇದರ ಜೊತೆಗೆ ಒಂದು ತಕರಾರು ಅರ್ಜಿ ಇಟ್ಟಿದ್ದೇನೆ, ನಿಮ್ಮ ಹೆಸರಿನಲ್ಲಿ ನಾನೇ ಬರೆದದ್ದು. ನನಗೆ ಸರಿಯಾಗಿ ತಿಳಿಯದೆ ಒಪ್ಪಿಗೆ ಕೊಟ್ಟಿದ್ದೆ, ಈಗ ಅದನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಿದೆ. ಕೆಳಗೆ ಸಹಿ ಹಾಕಿ ಪಂಚಾಯಿತಿಗೆ ಅಂಚೆಯಲ್ಲಿ ಹಾಕಿದರೆ ಸಾಕು. ಸ್ಟಾಂಪು ಅಂಟಿಸಿದ ಕವರನ್ನೂ ಇಟ್ಟಿದ್ದೇನೆ. ಆಮೇಲೆ ಎಲ್ಲ ತಾನಾಗಿ ನಿಲ್ಲುತ್ತದೆ. ಸುಪ್ರಿಯಾ ನಿಮ್ಮ ಮೇಲೆ ಸ್ವಲ್ಪ ದಿನ ಸಿಟ್ಟು ಮಾಡಬಹುದು, ಅದನ್ನು ನಾನು ಸಮಾಧಾನ ಮಾಡುತ್ತೇನೆ.

೨೮ ಮಾರ್ಚ್, ಶುಕ್ರವಾರ

ಕಾಗದ ಮುಗಿಯಿತೆಂದು ಮಡಚಿ ಇಟ್ಟಿದ್ದೆ. ಅಂಚೆಗೆ ಹಾಕುವ ಮೊದಲು ತಪ್ಪು ತಿದ್ದೋಣವೆಂದು ನಿನ್ನೆ ಮತ್ತೆ ಓದಿದೆ. ಕೊನೆಯ ಭಾಗಕ್ಕೆ ಬಂದಾಗ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುವ ಹಾಗಾಯಿತು. ನೋಡಿ ಕಲ್ಲಮ್ಮಕ್ಕ, ಮತ್ತೆ ನಾನೇ ಒಂದು ಕಾಗದ ಬರೆದು ನಿಮ್ಮ ಮುಂದೆ ಇಟ್ಟು ಇಲ್ಲಿ ಸಹಿ ಹಾಕಿ ಎನ್ನುತ್ತಿದ್ದೇನೆ. ತಪ್ಪು ಮಾಡಿದ್ದು ನಾನು. ತಿಳಿಯದೆ ಒಪ್ಪಿದೆ ಎಂದು ಬರೆದುಕೊಟ್ಟು ದಡ್ಡಿ ಅನ್ನಿಸಿಕೊಳ್ಳಬೇಕಾದವರು ನೀವು, ನನ್ನ ಮಗಳ ಸಿಟ್ಟಿಗೆ ಗುರಿಯಾಗಬೇಕಾದವರೂ ನೀವು. ನಾನು ಒಳ್ಳೆಯವಳಾಗಿ ಮನೆಯಲ್ಲಿ ಕೂತಿರುವುದು. ಆ ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ.

ನಿನ್ನೆಯೇ ಸುಪ್ರಿಯಾಳಿಗೆ ಫೋನ್ ಮಾಡಿ ಹೇಳಿದೆ. ಆರು ಸಾಲು ಓದಿ ಮೂರು ಬಿಟ್ಟೆ ಎಂದೆ. ಅವಳು ‘ಅಪ್ಪನಿಗೋಸ್ಕರ ಅಂತ ನಾ ಕೇಳಿದ್ದಮ್ಮ, ಕಲ್ಲಮ್ಮತ್ತೇನ ಮುಳುಗ್ಸಿ ಅಂತ ಅಲ್ಲ’ ಎಂದಳು. ಆಮೇಲೆ, ‘ಹಂಗಾರೆ ಅಪ್ಪ ಗೋಡೆ ನೋಡ್ಕಂಡೇ ಇರ್ಬೇಕಾ?’ ಎಂದು ಅತ್ತಳು. ಫೋನ್ ಇಟ್ಟಳು. ಇವತ್ತೂ ಮಾಡಿಲ್ಲ.

ಇವತ್ತು ಬೆಳಿಗ್ಗೆ ಪಂಚಾಯಿತಿಗೆ ಹೋದೆ. ಬೊಮ್ಮಯ್ಯ ನನ್ನ ಕೈಯಿಂದ ಅ ಆ ಇ ಈ ಕಲಿತವನು, ಕುರ್ಚಿ ಎಳೆದು ಕೂರಿಸಿದ. ಒಪ್ಪಿಗೆ ಪತ್ರ ಸರಿಯಾಗಿ ಓದಿ ಹೇಳದೆ ಸಹಿ ಹಾಕಿಸಿದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದೆ. ‘ಸೈನ್ ಹಾಕ್ದೋರೇ ಸುಮ್ನಿದಾರೆ, ನಿಮಗ್ಯಾಕೆ ಈ ಉಸಾಬರಿ ಮಾರಾಯ್ರೇ’ ಎಂದು ಗೊಣಗಿದ. ನಾನು ಏಳಲಿಲ್ಲ. ಕೊನೆಗೆ ಒಂದು ಬಿಳಿ ಹಾಳೆ ಕೊಟ್ಟು ಬರೆದುಕೊಡಿ ಎಂದ. ನಾನು ಬರೆದು ಸಹಿ ಹಾಕಿದೆ, ಅವನು ಸೀಲು ಒತ್ತಿದ. ನೀವು ಊರಿಗೆ ಬಂದು ಕಾರ್ಯದರ್ಶಿಯವರ ಎದುರು ನಿಮ್ಮ ಮಾತು ಹೇಳುವ ತನಕ ಕಡತ ಮುಂದಕ್ಕೆ ಹೋಗುವುದಿಲ್ಲ, ಏಪ್ರಿಲ್ ಹತ್ತು ಕಳೆದರೂ ಚಿಂತೆಯಿಲ್ಲ. ಮೇಸ್ತ್ರಿಯ ಹಗ್ಗವನ್ನೂ ಗಳಗಳನ್ನೂ ಬಂದು ಕಿತ್ತು ಹಾಕಿದೆ.

ಒಪ್ಪಿಗೆ ಪತ್ರದ ಜೆರಾಕ್ಸ್ ಇದರ ಜೊತೆಗಿದೆ. ಒಂಬತ್ತೂ ಸಾಲನ್ನು ಬೆರಳಿಟ್ಟು ಓದಿ. ಆಮೇಲೆ ನಿಮಗೆ ಏನು ತೋರುತ್ತದೋ ಅದನ್ನು ಕಾರ್ಯದರ್ಶಿಯವರಿಗೆ ಹೇಳಿ. ನಮ್ಮವರ ಮುಖ ನೋಡಿ ಮನಸ್ಸು ಕರಗಿಸಿಕೊಳ್ಳಬೇಡಿ. ನಿಮ್ಮ ಸ್ವಭಾವ ನನಗೆ ಗೊತ್ತಿರುವುದರಿಂದ ಇದನ್ನು ಬರೆಯಲೇಬೇಕಾಯಿತು. ಅವರನ್ನು ಹೊರಗೆ ಕರೆದೊಯ್ಯುವ ದಾರಿ ಹುಡುಕುವುದು ನನ್ನ ಪಾಡು, ನಿಮ್ಮದಲ್ಲ. ರಸ್ತೆಯ ಕಡೆ ಮೆಟ್ಟಿಲಿನ ಬದಲು ಇಳಿಜಾರು ಮಾಡಲು ಬರುತ್ತದೆಯೇ ಎಂದು ಮೇಸ್ತ್ರಿಯನ್ನು ಕೇಳಿದ್ದೇನೆ. ತುಂಬ ಕಡಿದಾಗುತ್ತದೆ ಎನ್ನುತ್ತಾನೆ. ನೋಡೋಣ.

ನೀವು ಬಂದ ಮೇಲೆ ನನ್ನ ಜೊತೆ ಮಾತು ಬಿಟ್ಟರೆ ಅದು ಸರಿಯೇ. ಬೆಕ್ಕನ್ನು ಮಾತ್ರ ಬಂದು ಕರೆದುಕೊಂಡು ಹೋಗಿ, ಅದು ನಿಮ್ಮನ್ನು ಹುಡುಕುತ್ತಿದೆ.

ನಿಮ್ಮ ಬಾಯಲ್ಲಿ ಇನ್ನು ಟೀಚರ್ ಎಂದು ಕರೆಸಿಕೊಳ್ಳಲು ನಾಚುವ,
ರುದ್ರಾಣಿ

ತಾ.ಕ.: ಪಂಚಾಯಿತಿಗೆ ಬರೆದುಕೊಟ್ಟ ಹಾಳೆಯಲ್ಲಿ ‘ಕಣ್ತಪ್ಪಿನಿಂದ ಮೂರು ಸಾಲು ಓದದೆ ಉಳಿಯಿತು’ ಎಂದಿದೆ. ಆ ಪದ ಹೇಳಿಕೊಟ್ಟವನು ಬೊಮ್ಮಯ್ಯ, ನಿಮ್ಮ ಮರ್ಯಾದೆಗೂ ಒಳ್ಳೆಯದು ಟೀಚರೇ ಎಂದು. ಮೇಲೆ ಈ ಕಾಗದದಲ್ಲಿ ನಿಮಗೂ ‘ಅವಸರವಿತ್ತು, ಬಾಯಿ ದಾಟಿಬಿಟ್ಟಿತು’ ಎಂದೇ ಬರೆದಿದ್ದೇನೆ. ಸೋಮವಾರ ಹೋಗಿ ಆ ಹಾಳೆಯನ್ನು ತಿದ್ದಿ ಬರುತ್ತೇನೆ. ಅದು ಕಣ್ತಪ್ಪಲ್ಲ ಕಲ್ಲಮ್ಮಕ್ಕ. ಹಿಂದಿನ ದಿನ ಸಂಜೆ ನಮ್ಮವರ ಮಂಚದ ಪಕ್ಕದಲ್ಲಿ ಕೂತು, ಎಲ್ಲಿ ಉಸಿರು ತೆಗೆದುಕೊಂಡು ಎಲ್ಲಿಗೆ ಹಾರಿದರೆ ಗೊತ್ತಾಗುವುದಿಲ್ಲ ಎಂದು ನೋಡಿಕೊಳ್ಳುತ್ತಾ, ಆ ಕಾಗದವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದೆ. ಅವರು ನನ್ನನ್ನೇ ನೋಡುತ್ತಾ ತಲೆ ಅಲ್ಲಾಡಿಸಿದರು. ದಿಂಬು ಸರಿಯಿಲ್ಲವೇನೋ ಎನ್ನುವ ಹಾಗೆ ದಿಂಬು ಸರಿಮಾಡಿ, ಮತ್ತೊಮ್ಮೆ ಮೊದಲಿನಿಂದ ಓದಿದೆ.